ಕಾದ ಯಂತ್ರದ ನಿದಾನ

ವಿಜಯಪುರ ಜಿಲ್ಲೆಯನ್ನು ಬರದ ನಾಡೆಂದು ಕರೆಯುವ ವಾಡಿಕೆ ಬಹುಕಾಲದಿಂದ ನಡೆದುಬಂದುದು. ಆದರೆ ಭೂಪಟವನ್ನು ಹರಡಿ ನೋಡಿದವರಿಗೆ ಬೇರೊಂದು ಸಂಗತಿಯೂ ಗೋಚರಿಸುತ್ತದೆ. ಇಂಡಿ, ಸಿಂದಗಿ ಸೀಮೆಗಳ ಅಂಚನ್ನು ಭೀಮೆಯು ತೊಳೆಯುತ್ತಾಳೆ. ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಗಳ ತೆಂಕಣ ಮಗ್ಗುಲಲ್ಲಿ ಕೃಷ್ಣೆಯು ಹರಿಯುತ್ತಾಳೆ. ಹಿಂದೆ ಬಾಗೇವಾಡಿ ತಾಲೂಕಿನಲ್ಲಿದ್ದು ಈಗ ನಿಡಗುಂದಿ ತಾಲೂಕಿಗೆ ಸೇರಿರುವ ಆಲಮಟ್ಟಿಯಲ್ಲಿ 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ಅದೇ ಆಣೆಕಟ್ಟು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ಲೋಕಾರ್ಪಣೆಗೊಂಡಿತು. ಅದರ ಕೆಳಗೆ ನಾರಾಯಣಪುರದ ಬಸವಸಾಗರವು 1982ರಲ್ಲಿಯೇ ಪೂರ್ಣಗೊಂಡಿತ್ತು. ಹಿರಿಯರು ಬೇಸಗೆಯಲ್ಲಿ ಮೊಳಕಾಲುದ್ದ ನೀರಿನಲ್ಲಿ ನಡೆದು ದಾಟುತ್ತಿದ್ದ ಹೊಳೆಯ ಪಾತ್ರವು ಇಂದು ಕಣ್ಣು ಹಾಯುವವರೆಗೆ ಹರಡಿದ ಹಿನ್ನೀರಾಗಿದೆ.

ನೀರು ಹಿಗ್ಗಿದಂತೆ ನೀರಿನ ವಾಹನವೂ ಬದಲಾಗುವುದು ಸಹಜವಷ್ಟೆ. ತೊಗಲು ಹೊದಿಸಿದ ಹರಗೋಲು ಮೀನುಗಾರರ ಕೈಯಲ್ಲಿ ಇನ್ನೂ ಉಳಿದಿದೆಯಾದರೂ (ಈಚೆಗೆ ತೊಗಲಿನ ಜಾಗಕ್ಕೆ ತಾಡಪಾಲು ಬಂದಿದೆ), ವಿಹಾರಕ್ಕೂ ಕಾವಲಿಗೂ ನೆರೆಯ ಕಾಲದ ರಕ್ಷಣಾಕಾರ್ಯಕ್ಕೂ ಎಂಜಿನ್ನಿನ ದೋಣಿಗಳೇ ಆಧಾರ. 2019ರ ಆಗಸ್ಟಿನಲ್ಲಿ ಕೃಷ್ಣೆಯೂ 2020ರ ಅಕ್ಟೋಬರಿನಲ್ಲಿ ಭೀಮೆಯೂ ಉಕ್ಕಿ ದಡದ ಊರುಗಳನ್ನು ಸುತ್ತುವರಿದಾಗ ಮೋಟಾರು ದೋಣಿಯ ಬೆಲೆ ಏನೆಂಬುದು ಈ ಭಾಗದ ಜನಕ್ಕೆ ಮನದಟ್ಟಾಯಿತು.

ಈ ದೋಣಿಗಳ ಎಂಜಿನ್ನುಗಳಿಗೆ ಒಂದು ವಿಚಿತ್ರವಾದ ವ್ಯಾಧಿಯುಂಟು. ಬೆಳಗಿನ ತಂಪಿನಲ್ಲಿ ಒಂದೇ ಸೆಳೆತಕ್ಕೆ ಚಾಲೂ ಆದ ಎಂಜಿನ್ನು ಒಂದು ತಾಸು ನಿರಾಯಾಸವಾಗಿ ಓಡುತ್ತದೆ. ದಡಕ್ಕೆ ಬಂದು ಅದನ್ನು ನಿಲ್ಲಿಸಿ, ಕಾಲುಗಂಟೆಯ ತರುವಾಯ ಕೀಲಿಯನ್ನು ತಿರುಗಿಸಿದರೆ ಗಿರ್ರೆಂದು ತಿರುಗುವುದೇ ಹೊರತು ಜೀವ ತಳೆಯುವುದಿಲ್ಲ. ಒಂದೆರಡು ತಾಸು ಹಾಗೆಯೇ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ ಆಗುತ್ತದೆ. ರಸ್ತೆಯ ಮೇಲೆ ನಿಂತ ಬಂಡಿಯನ್ನು ಮರದ ನೆರಳಿಗೆ ತಳ್ಳಬಹುದು; ಹೊಳೆಯ ನಡುವೆ ನಿಂತ ದೋಣಿಯನ್ನು ಪ್ರವಾಹವು ತನಗೆ ಬೇಕಾದ ಕಡೆಗೆ ಒಯ್ಯುತ್ತದೆ. ನೀರಿನಿಂದ ಜನರನ್ನು ಹತ್ತಿಸಿಕೊಳ್ಳುವಾಗ ಹಿಂಬದಿಯ ರೆಕ್ಕೆಚಕ್ರವು ಅವರ ಕಾಲಿಗೆ ತಗಲಬಾರದೆಂದು ಎಂಜಿನ್ನನ್ನು ನಿಲ್ಲಿಸಲೇಬೇಕು. ನಿಲ್ಲಿಸಿದ ಬಳಿಕ ಅದು ಮರಳಿ ಚಾಲೂ ಆಗಲೇಬೇಕು. ಆದುದರಿಂದ ಇದು ಕೇವಲ ಮೆಕ್ಯಾನಿಕರ ಕಾರ್ಖಾನೆಯ ಮಾತಲ್ಲ.

ಈ ವಿಷಯವು ದೋಣಿಯವರಿಗೆ ಮಾತ್ರ ಸಂಬಂಧಿಸಿದುದೆಂದು ಉಳಿದ ವಾಚಕರು ಹಾಳೆ ಮಗುಚಬೇಕಾಗಿಲ್ಲ. 2020ರ ಏಪ್ರಿಲಿನಿಂದ ಹೊಗೆಯ ಕಟ್ಟುನಿಟ್ಟಿನ ಹೊಸ ನಿಯಮ ಜಾರಿಗೆ ಬಂದ ಮೇಲೆ ಮಾರಾಟವಾದ ಬಹುಪಾಲು ಮೋಟಾರುಸೈಕಲ್ಲುಗಳಲ್ಲಿಯೂ ಇದೇ ಇಂಧನ ಚಿಮ್ಮಿಸುವ ವ್ಯವಸ್ಥೆಯಿದೆ. ಶಾಲೆಯ ಅಂಗಳದಲ್ಲಿ ನಿಲ್ಲುವ ಉಪಾಧ್ಯಾಯರ ವಾಹನವೂ ಈ ವ್ಯಾಧಿಗೆ ಹೊರತಲ್ಲ.

ವೈದ್ಯಶಾಸ್ತ್ರದಲ್ಲಿ ರೋಗದ ಮೂಲಕಾರಣವನ್ನು ಹುಡುಕುವುದಕ್ಕೆ ‘ನಿದಾನ’ವೆಂದು ಹೆಸರು. ಸಾವಕಾಶವೆಂಬ ಅರ್ಥದ ‘ನಿಧಾನ’ಕ್ಕೂ ಇದಕ್ಕೂ ಒಂದು ಮಹಾಪ್ರಾಣದಷ್ಟೇ ಅಂತರ. ಯಂತ್ರದ ವಿಷಯದಲ್ಲಂತೂ ನಿಧಾನವಿಲ್ಲದೆ ನಿದಾನವಿಲ್ಲ. ಎಂಜಿನ್ನು ಚಾಲೂ ಆಗದಿದ್ದೊಡನೆ ಪ್ಲಗ್ಗು ಬದಲಿಸಿ, ಪಂಪು ಬದಲಿಸಿ, ಕಡೆಗೆ ನಿಯಂತ್ರಕ ಪೆಟ್ಟಿಗೆಯನ್ನೂ ಬದಲಿಸಿ, ಸಾವಿರಾರು ರೂಪಾಯಿ ಸುರಿದ ಮೇಲೂ ರೋಗವು ಇದ್ದಲ್ಲಿಯೇ ಇರುವುದು ಅಪರೂಪವಲ್ಲ. ತರ್ಕಶಾಸ್ತ್ರದ ಅನ್ವಯ-ವ್ಯತಿರೇಕಗಳನ್ನು ಬಲ್ಲವರು ಇಲ್ಲಿ ಮೊದಲು ಕೇಳುವ ಪ್ರಶ್ನೆ ಬೇರೆ. ಯಾವುದಿದ್ದಾಗ ದೋಷವಿದೆ, ಯಾವುದಿಲ್ಲದಾಗ ದೋಷವಿಲ್ಲ? ಶಾಖವಿದ್ದಾಗ ಇದೆ, ಶಾಖವಿಲ್ಲದಾಗ ಇಲ್ಲ. ಹಾಗಾದರೆ ಶಾಖವು ಎಂಜಿನ್ನಿನ ಯಾವ ಅಂಗವನ್ನು ಕೆಡಿಸುತ್ತಿದೆ ಎಂಬುದೊಂದೇ ಹುಡುಕಬೇಕಾದ ಸಂಗತಿ.

ಇದಕ್ಕೆ ಯಂತ್ರದ ರಚನೆಯನ್ನು ಸ್ವಲ್ಪ ತಿಳಿಯಬೇಕು. ಹಳೆಯ ಪೆಟ್ರೋಲು ಎಂಜಿನ್ನುಗಳಲ್ಲಿ ಕಾರ್ಬುರೇಟರೆಂಬ ಪುಟ್ಟ ಬಟ್ಟಲಿನಿಂದ ಗಾಳಿಯೇ ಇಂಧನವನ್ನು ಹೀರಿಕೊಳ್ಳುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ವಿದ್ಯುತ್ ಪಂಪೊಂದು ಪೆಟ್ರೋಲನ್ನು ವಾಯುಮಂಡಲದ ಒತ್ತಡದ ಸುಮಾರು ಮೂರು ಪಟ್ಟಿಗೆ ಏರಿಸಿ ಒಂದು ನಳಿಗೆಯಲ್ಲಿ ತುಂಬಿಡುತ್ತದೆ. ಆ ನಳಿಗೆಗೆ ಜೋಡಿಸಿದ ಇಂಜೆಕ್ಟರುಗಳು ನಿಯಂತ್ರಕ ಪೆಟ್ಟಿಗೆಯ ಅಪ್ಪಣೆಯಂತೆ ಕೆಲವೇ ಸಹಸ್ರಾಂಶ ಸೆಕೆಂಡು ಬಾಯಿ ತೆರೆದು ಮಂಜಿನಂತೆ ಇಂಧನವನ್ನು ಸಿಂಪಡಿಸುತ್ತವೆ. ಎಂಜಿನ್ನು ಎಷ್ಟು ಕಾದಿದೆ, ಎಷ್ಟು ಗಾಳಿ ಒಳಬರುತ್ತಿದೆ, ದಂಡವು ಯಾವ ಕೋನದಲ್ಲಿದೆ ಎಂಬುದನ್ನು ಸಂವೇದಕಗಳು ಆ ಪೆಟ್ಟಿಗೆಗೆ ಅರುಹುತ್ತಿರುತ್ತವೆ. ಡೀಸೆಲ್ಲಿಗೆ ಬಾಷ್ ಅವರ ಇಂಧನ ಪಂಪು 1927ರಲ್ಲಿಯೇ ಬಂದಿತ್ತು. ಅದೇ ಸಂಸ್ಥೆಯು ಪೆಟ್ರೋಲು ಕಾರುಗಳಿಗೆ ವಿದ್ಯುನ್ಮಾನ ಪದ್ಧತಿಯನ್ನು 1967ರಲ್ಲಿ ತಂದಿತು. ಹೊಳೆಯ ದೋಣಿಗೆ ಅದು ಬಂದದ್ದು ಬಹಳ ತಡವಾಗಿ.

ಈಗ ಶಾಖದ ಮಾತು. ಎಂಜಿನ್ನು ಓಡುತ್ತಿರುವಾಗ ತಣ್ಣೀರು ಅದರ ಒಡಲಲ್ಲಿ ಹರಿದು ಕಾವನ್ನು ಒಯ್ಯುತ್ತಿರುತ್ತದೆ. ಹೊಸ ಪೆಟ್ರೋಲು ಬರುತ್ತಲೇ ಇದ್ದು ನಳಿಗೆಯೂ ತಂಪಾಗಿರುತ್ತದೆ. ಕೀಲಿ ತೆಗೆದ ಗಳಿಗೆಯಲ್ಲಿ ನೀರೂ ನಿಲ್ಲುತ್ತದೆ, ಪೆಟ್ರೋಲೂ ನಿಲ್ಲುತ್ತದೆ. ಶಾಖ ಮಾತ್ರ ನಿಲ್ಲುವುದಿಲ್ಲ. ರೊಟ್ಟಿ ಬೇಯಿಸಿದ ಹಂಚನ್ನು ನೆನೆಯಿರಿ. ಒಲೆಯ ಬೆಂಕಿಯನ್ನು ಹಿರಿದ ಮೇಲೂ ಹಂಚಿನ ಕಾವು ಮತ್ತೊಂದು ರೊಟ್ಟಿಯನ್ನು ಬೇಯಿಸುತ್ತದೆ. ಹಾಗೆಯೇ ಎರಕದ ಲೋಹದಲ್ಲಿ ಕೂಡಿಟ್ಟ ಕಾವು ಮೇಲೇರಿ ಮುಚ್ಚಳದ ಕೆಳಗಿನ ಪಂಪು, ನಳಿಗೆ, ತಂತಿ ಎಲ್ಲವನ್ನೂ ಕಾಯಿಸುತ್ತದೆ. ಹೀಗೆ ನಿಲ್ಲಿಸಿದ ಮೇಲೆಯೇ ಈ ಅಂಗಗಳ ಬಿಸಿ ಏರುವುದು. ಹತ್ತು ನಿಮಿಷದಿಂದ ಅರ್ಧ ತಾಸಿನವರೆಗಿನ ಅವಧಿ ಅತ್ಯಂತ ಕಷ್ಟದ್ದು. ನಿಲ್ಲಿಸಿದ ಅರೆನಿಮಿಷದಲ್ಲಿ ಚಾಲೂ ಆಗುವ ಎಂಜಿನ್ನು ಕಾಲುಗಂಟೆಯ ನಂತರ ಆಗದಿದ್ದರೆ ಈ ‘ನಿಂತ ಶಾಖ’ವೇ ಕಾರಣವೆಂದು ಬಹುಮಟ್ಟಿಗೆ ನಿಶ್ಚಯಿಸಬಹುದು.

ಪೆಟ್ರೋಲು ನೀರಿನಂತೆ ಒಂದೇ ಅಳತೆಯಲ್ಲಿ ಕುದಿಯುವ ದ್ರವವಲ್ಲ. ಹಲವು ಅಂಶಗಳ ಮಿಶ್ರಣವಾದ ಅದರ ಹಗುರ ಭಾಗವು 35-40 ಡಿಗ್ರಿಯ ಆಸುಪಾಸಿನಲ್ಲಿಯೇ ಆವಿಯಾಗತೊಡಗುತ್ತದೆ. ಒತ್ತಡವಿದ್ದರೆ ಕುದಿಯುವುದು ತಡವಾಗುತ್ತದೆ, ಒತ್ತಡ ಇಳಿದರೆ ಬೇಗ ಕುದಿಯುತ್ತದೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯ ಬಿಸಿಲಿನಲ್ಲಿ, ಕಾದ ಎಂಜಿನ್ನಿನ ಮಗ್ಗುಲಲ್ಲಿರುವ ನಳಿಗೆಯೊಳಗೆ ಒತ್ತಡವೂ ಇಳಿದುಹೋದರೆ, ದ್ರವವಿರಬೇಕಾದಲ್ಲಿ ಗುಳ್ಳೆಗಳು ಸೇರಿಕೊಳ್ಳುತ್ತವೆ. ಪಂಪು ದ್ರವವನ್ನು ತಳ್ಳಬಲ್ಲುದು. ಗುಳ್ಳೆಯನ್ನು ಹಿಂಡುತ್ತದೆಯೇ ಹೊರತು ತಳ್ಳಲಾರದು. ನದೀತೀರದ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಪಂಪ್‌ಸೆಟ್ಟು ‘ಏರ್ ಹಿಡಿದಿದೆ’ ಎಂದು ಅವರು ಹೇಳುವುದು ಇದರ ಸೋದರ ವ್ಯಾಧಿಯನ್ನೇ. ಅವರ ಫುಟ್‌ವಾಲ್ವು ಸೋರಿದರೆ ಪೈಪಿನ ನೀರು ಹೊಳೆಗೆ ಮರಳಿ, ಮತ್ತೆ ನೀರು ತುಂಬಿಸದೆ ಮೋಟಾರು ನೀರೆತ್ತದು. ಪೆಟ್ರೋಲಿನ ಪಂಪಿನಲ್ಲಿಯೂ ಅಂಥದೇ ಒಂದು ತಡೆಕವಾಟವಿದೆ. ಎಂಜಿನ್ನು ನಿಂತ ಮೇಲೂ ನಳಿಗೆಯ ಒತ್ತಡವನ್ನು ಕಾಯ್ದಿಡುವುದೇ ಅದರ ಕೆಲಸ. ಅದು ಸೋರಿದರೆ ಒತ್ತಡ ಇಳಿದು, ಬಿಸಿಯಾದ ಪೆಟ್ರೋಲು ಗುಳ್ಳೆಯಾಗುತ್ತದೆ. ತಂಪಿನಲ್ಲಿ ಇದೇ ಸೋರಿಕೆಯಿದ್ದರೂ ಗುಳ್ಳೆಯಾಗದ ಕಾರಣ ಯಾರಿಗೂ ತಿಳಿಯುವುದಿಲ್ಲ.

ಕಾರಿಗಿಂತ ದೋಣಿಗೆ ಈ ಬಾಧೆ ಹೆಚ್ಚು. ಅದಕ್ಕೆ ಕಾರಣವೂ ಸ್ಪಷ್ಟ. ಕಾರಿನಲ್ಲಿ ಪಂಪು ತೊಟ್ಟಿಯೊಳಗೆ ತಂಪಾದ ಪೆಟ್ರೋಲಿನಲ್ಲಿ ಮುಳುಗಿ, ಅಲ್ಲಿಂದಲೇ ತಳ್ಳುತ್ತದೆ. ದೋಣಿಯಲ್ಲಿ ತೊಟ್ಟಿಯಿಂದ ಎಂಜಿನ್ನಿನವರೆಗೆ ಒತ್ತಡದ ಪೆಟ್ರೋಲು ಹರಿದು ಎಲ್ಲಿಯಾದರೂ ಸೋರಿದರೆ ಒಡಲೆಲ್ಲ ಆವಿ ತುಂಬಿ ಸಿಡಿಯಬಹುದೆಂಬ ಭಯದಿಂದ ಪಂಪನ್ನು ಸಾಮಾನ್ಯವಾಗಿ ಎಂಜಿನ್ನಿನ ಬದಿಯಲ್ಲಿಯೇ ಕೂರಿಸುತ್ತಾರೆ. ಅದು ದೂರದಿಂದ ಪೆಟ್ರೋಲನ್ನು ಹೀರಬೇಕು. ಹೀರುವ ಕಡೆ ಒತ್ತಡ ಕಡಿಮೆ. ಒತ್ತಡ ಕಡಿಮೆಯಾದಲ್ಲಿ ಕುದಿತ ಬೇಗ. ನಡುವೆ ಸೋಸುಕವು ಕಸದಿಂದ ತುಂಬಿದ್ದರೆ, ತೊಟ್ಟಿಯ ಗಾಳಿಕಿಂಡಿ ಮುಚ್ಚಿದ್ದರೆ, ರಬ್ಬರಿನ ನಳಿಗೆ ಒಳಗೇ ಕುಗ್ಗಿದ್ದರೆ ಹೀರುವ ಶ್ರಮ ಇಮ್ಮಡಿಯಾಗುತ್ತದೆ. ಹಿಂಬದಿಗೆ ತೂಗುಹಾಕುವ ಮೋಟಾರುಗಳಲ್ಲಿ ಆವಿಯನ್ನು ಬೇರ್ಪಡಿಸಲು ಪುಟ್ಟ ಪಾತ್ರೆಯೊಂದನ್ನು ಇಟ್ಟಿರುತ್ತಾರೆ. ಒಳಗಟ್ಟಿನ ಕೆಲವು ಎಂಜಿನ್ನುಗಳಲ್ಲಿ ಹೊಳೆಯ ನೀರಿನಿಂದಲೇ ಪೆಟ್ರೋಲನ್ನು ತಂಪುಗೊಳಿಸುವ ಏರ್ಪಾಡುಂಟು. ಇವು ರಾಡಿಯಿಂದ ಕಟ್ಟಿಕೊಂಡರೆ ಇದ್ದೂ ಇಲ್ಲದಂತೆಯೇ.

ಇಂಧನದ ಸ್ವಭಾವವೂ ಬದಲಾಗಿದೆ. ಇಂಡಿ, ಸಿಂದಗಿ ಕಡೆಯ ಕಬ್ಬು ಬೆಳೆಗಾರರಿಗೆ ಇಥನಾಲ್ ಎಂಬ ಹೆಸರು ಹೊಸದಲ್ಲ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಅದರ ಪ್ರಮಾಣವು ಶೇಕಡಾ 20ಕ್ಕೆ ಏರಿತು. ಇಥನಾಲ್ ತಾನಾಗಿ 78 ಡಿಗ್ರಿಗೆ ಕುದಿಯುವ ದ್ರವವಾದರೂ ಪೆಟ್ರೋಲಿನೊಡನೆ ಬೆರೆತಾಗ ಮಿಶ್ರಣದ ಆವಿಯಾಗುವ ಗುಣವನ್ನು ತುಸು ಹೆಚ್ಚಿಸುತ್ತದೆ. ಬೆಳೆಗಾರನಿಗೆ ಇದರಿಂದ ಲಾಭವುಂಟು, ಅದನ್ನು ದೂರಬೇಕಾದುದಿಲ್ಲ. ಆದರೆ ನೀರನ್ನು ಹೀರಿಕೊಳ್ಳುವ ಅದರ ಸ್ವಭಾವವನ್ನು ದೋಣಿಯವರು ಮರೆಯಬಾರದು. ತಿಂಗಳುಗಟ್ಟಲೆ ಅರೆತುಂಬಿದ ತೊಟ್ಟಿಯಲ್ಲಿ ನಿಂತ ಪೆಟ್ರೋಲಿನ ತಳದಲ್ಲಿ ನೀರು-ಇಥನಾಲುಗಳ ಪದರವು ಬೇರೆಯಾಗಿ ನಿಂತುಬಿಡಬಹುದು. ಅಂಥ ಎಂಜಿನ್ನು ಬಿಸಿಯಲ್ಲಿ ಮಾತ್ರವಲ್ಲ, ತಂಪಿನಲ್ಲಿಯೂ ಕಾಡುತ್ತದೆ.

ಆವಿಯೇ ಕಾರಣವೆಂದು ತಿಳಿಯುವ ಬಗೆ ಹೇಗೆ? ಕೀಲಿಯನ್ನು ಮೊದಲ ಹಂತಕ್ಕೆ ತಿರುಗಿಸಿದರೆ ಪಂಪು ಒಂದೆರಡು ಸೆಕೆಂಡು ಗುಂಯ್ಗುಟ್ಟಿ ನಿಲ್ಲುತ್ತದೆ. ಹಾಗೆ ಮೂರು ನಾಲ್ಕು ಬಾರಿ ಮಾಡಿ, ಆಮೇಲೆ ಚಾಲೂ ಮಾಡಿದರೆ ಎಂಜಿನ್ನು ಹತ್ತುವುದಾದರೆ ಒತ್ತಡ ಕುಸಿದಿತ್ತೆಂದು ಅರ್ಥ. ಕೈಯಿಂದ ಅದುಮುವ ರಬ್ಬರಿನ ಗುಂಡು ಇರುವ ದೋಣಿಯಲ್ಲಿ ಅದು ಬಿಗಿಯಾಗುವವರೆಗೆ ಅದುಮಿ ನೋಡಬಹುದು. ಒತ್ತಡಮಾಪಕವನ್ನು ಜೋಡಿಸಿ, ನಿಲ್ಲಿಸಿದ ಎಂಜಿನ್ನಿನ ಮುಳ್ಳು ಕಾಲುಗಂಟೆಯಲ್ಲಿ ಎಷ್ಟು ಇಳಿಯುತ್ತದೆಂದು ನೋಡುವುದು ಉತ್ತಮ ವಿಧಾನ. ಹಳ್ಳಿಯ ದಡದಲ್ಲಿ ಆ ಉಪಕರಣ ಎಲ್ಲರಲ್ಲಿಯೂ ಇರದು. ಆಗ ಹಿಂದಿನ ಜೀಪು, ಲಾರಿ ಚಾಲಕರ ಹಸಿ ಬಟ್ಟೆಯ ಉಪಾಯವೇ ಉಪಾಯ. ಪಂಪಿಗೂ ಇಂಧನ ನಳಿಗೆಗೂ ನೀರಿನಲ್ಲದ್ದಿ ಹಿಂಡಿದ ಬಟ್ಟೆಯನ್ನು ಸುತ್ತಿ ಐದು ನಿಮಿಷ ಕಾಯುವುದು. ಎಂಜಿನ್ನು ಹತ್ತಿತೆಂದರೆ ಆವಿಯೇ ಅಪರಾಧಿ. ಇದನ್ನು ಮೂಢ ಪದ್ಧತಿಯೆಂದು ನಗುವ ಕಾರಣವಿಲ್ಲ. ವ್ಯತಿರೇಕ ಪರೀಕ್ಷೆಯೆಂದರೆ ಇದೇ. ಬಟ್ಟೆಯು ಪರೀಕ್ಷೆಯೇ ಹೊರತು ಚಿಕಿತ್ಸೆಯಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಕೊಡದಿಂದ ತಣ್ಣೀರನ್ನು ಕಾದ ಎರಕದ ಮೇಲೆ ಸುರಿಯುವುದು ಸರ್ವಥಾ ಕೂಡದು. ಲೋಹ ಬಿರಿಯುತ್ತದೆ, ವಿದ್ಯುತ್ ಭಾಗಗಳು ಹಾಳಾಗುತ್ತವೆ.

ಕೆಲವೊಮ್ಮೆ ರೋಗವು ಇದಕ್ಕೆ ತೀರ ವಿರುದ್ಧವಾದುದು. ಇಂಧನವು ಕಡಿಮೆಯಾಗಿರುವುದಿಲ್ಲ, ಅತಿಯಾಗಿರುತ್ತದೆ. ಇಂಜೆಕ್ಟರಿನ ಬಾಯಿ ಬಿಗಿಯಾಗಿ ಮುಚ್ಚದೆ ತೊಟ್ಟಿಕ್ಕಿದರೆ, ನಿಂತ ಹೊತ್ತಿನಲ್ಲಿ ಪೆಟ್ರೋಲು ಒಳಗೆ ಸೇರಿ ಕಾವಿಗೆ ಆವಿಯಾಗಿ, ಗಾಳಿಗೆ ಎಡೆಯಿಲ್ಲದಂತೆ ಮಾಡುತ್ತದೆ. ಪರ್ವತದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ತಾರ್ಕಿಕರ ಉದಾಹರಣೆ ಪ್ರಸಿದ್ಧವಾದುದು. ಇಲ್ಲಿ ಕಪ್ಪು ಹೊಗೆ, ಪೆಟ್ರೋಲಿನ ಘಾಟು, ಒದ್ದೆಯಾದ ಪ್ಲಗ್ಗು ಇವುಗಳಿಂದ ಅತಿ ಇಂಧನವನ್ನು ಊಹಿಸಬೇಕು. ಪ್ಲಗ್ಗನ್ನು ಬಿಚ್ಚಿ ನೋಡುವುದು ಆವಿಯ ರೋಗಕ್ಕೂ ಇದಕ್ಕೂ ಇರುವ ಭೇದವನ್ನು ಒಂದೇ ನೋಟಕ್ಕೆ ತಿಳಿಸುತ್ತದೆ: ಒಣಗಿದ್ದರೆ ಅದು, ಒದ್ದೆಯಿದ್ದರೆ ಇದು. ಈ ಸಂದರ್ಭದಲ್ಲಿ ಕೀಲಿಯನ್ನು ಮತ್ತೆ ಮತ್ತೆ ತಿರುಗಿಸುವುದರಿಂದ ಕೆಡುಕೇ ಹೆಚ್ಚು. ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು, ಥ್ರಾಟಲನ್ನು ಪೂರ್ಣವಾಗಿ ತೆರೆದು ತಿರುಗಿಸಿದರೆ ಅನೇಕ ಎಂಜಿನ್ನುಗಳ ನಿಯಂತ್ರಕವು ಇಂಜೆಕ್ಟರನ್ನು ಮುಚ್ಚಿ ಬರಿಯ ಗಾಳಿಯನ್ನೇ ಬಿಡುತ್ತದೆ. ಹತ್ತಿದೊಡನೆ ಥ್ರಾಟಲನ್ನು ಇಳಿಸಬೇಕು.

ಅತಿ ಇಂಧನಕ್ಕೆ ಮತ್ತೊಂದು ಕಾರಣ ಸುಳ್ಳು ಸಾಕ್ಷಿ. ಎಂಜಿನ್ನಿನ ಬಿಸಿಯನ್ನು ಅಳೆಯುವ ಸಂವೇದಕವು ಕಾದಷ್ಟೂ ತನ್ನ ವಿದ್ಯುತ್ ತಡೆಯನ್ನು ತಗ್ಗಿಸಿಕೊಳ್ಳುವ ವಸ್ತು. ಅದರ ತಂತಿ ತುಂಡಾದರೆ ತಡೆ ಅಪಾರವಾಗಿ, ನಿಯಂತ್ರಕಕ್ಕೆ ಎಂಜಿನ್ನು ಹಿಮದಂತೆ ತಣ್ಣಗಿದೆಯೆಂದು ತೋರುತ್ತದೆ. ಪಾಪ, ಅದು ತಂಪಿಗೆ ತಕ್ಕಂತೆ ಧಾರಾಳವಾಗಿ ಇಂಧನವನ್ನು ಸುರಿಸುತ್ತದೆ. ಹೊಸ ಕೆಲವು ಎಂಜಿನ್ನುಗಳು ಈ ಮೋಸವನ್ನು ಗುರುತಿಸಿ ದೀಪ ಹೊತ್ತಿಸುತ್ತವೆ. ಹಾಗಿಲ್ಲದವುಗಳಲ್ಲಿ ಮೀಟರು ಹಿಡಿದು ತಂಪಿನಲ್ಲೊಮ್ಮೆ, ಕಾವಿನಲ್ಲೊಮ್ಮೆ ಅಳೆದರೆ ಸತ್ಯ ಹೊರಬೀಳುತ್ತದೆ. ಅಗ್ಗದ ಭಾಗವಿದು, ಇದನ್ನು ನೋಡದೆ ದುಬಾರಿಯ ಪೆಟ್ಟಿಗೆಯನ್ನು ಬದಲಿಸಿದವರ ಕಥೆಗೆ ಕೊನೆಯಿಲ್ಲ.

ಇಂಧನ ಸರಿಯಿದ್ದು ಕಿಡಿಯೇ ಹುಟ್ಟದಿರುವುದೂ ಉಂಟು. ಕಿಡಿಯ ಕಾಯಿಲು, ದಂಡದ ಕೋನವನ್ನು ಅರಿಯುವ ಸಂವೇದಕ ಇವೆರಡೂ ಹಳೆಯದಾದಾಗ ಕಾವಿನಲ್ಲಿ ಕೈಕೊಟ್ಟು, ತಂಪಾದಾಗ ಸರಿಯಾಗುತ್ತವೆ. ಎಂಜಿನ್ನು ತಿರುಗುತ್ತಿದ್ದರೂ ವೇಗದ ಮುಳ್ಳು ಕಿಂಚಿತ್ತೂ ಅಲುಗದಿದ್ದರೆ ಸಂವೇದಕದ ಮೇಲೆ ಸಂಶಯ ಪಡಬಹುದು. ಎಂಜಿನ್ನು ತಿರುಗುವುದೇ ಭಾರವಾಗಿದ್ದರೆ ಬ್ಯಾಟರಿ, ಅದರ ತುಕ್ಕು ಹಿಡಿದ ಕೊನೆಗಳು, ಸ್ಟಾರ್ಟರ್ ಮೋಟಾರು ಇವುಗಳ ಕಡೆಗೆ ನೋಡಬೇಕು. ಇನ್ನು ಗಡಿಬಿಡಿಯಲ್ಲಿ ಚಾಲಕನ ಮಣಿಕಟ್ಟಿಗೆ ಕಟ್ಟಿದ ಸುರಕ್ಷಾ ಹಗ್ಗದ ಕ್ಲಿಪ್ಪು ಕಳಚಿ ಬಿದ್ದಿದ್ದರೆ ಬೃಹಸ್ಪತಿ ಬಂದರೂ ಎಂಜಿನ್ನು ಹತ್ತದು. ಎಲ್ಲಕ್ಕಿಂತ ಮೊದಲು ಅದನ್ನೇ ನೋಡಬೇಕು; ಜನರು ದೋಣಿಯನ್ನು ಹತ್ತಿ ಇಳಿಯುವಾಗ ಅದು ಕಳಚುವುದು ತೀರ ಸಾಮಾನ್ಯ.

ಈ ಸೀಮೆಗೆ ವಿಶೇಷವಾದ ಕಾರಣವೊಂದನ್ನು ಹೇಳಲೇಬೇಕು. ದೋಣಿಯ ಎಂಜಿನ್ನು ತಾನು ತೇಲುವ ನೀರಿನಿಂದಲೇ ತಂಪಾಗುತ್ತದೆ. ಮಳೆಗಾಲದ ಕೃಷ್ಣೆ, ಭೀಮೆಗಳ ನೀರಾದರೋ ಎರೆಮಣ್ಣಿನ ರಾಡಿ. ಅದರ ಸಣ್ಣ ಮರಳು ನೀರು ಎತ್ತುವ ರಬ್ಬರಿನ ಚಕ್ರವನ್ನು ಸವೆಸುತ್ತದೆ. ಜಲಕಳೆ, ಪ್ಲಾಸ್ಟಿಕ್ಕು ಹೀರುಬಾಯಿಗೆ ಅಡರುತ್ತವೆ. ಹಿಂಬದಿ ಮೋಟಾರಿನ ಪಕ್ಕದಿಂದ ಸಣ್ಣ ಧಾರೆಯೊಂದು ಚಿಮ್ಮುತ್ತಿರುವುದನ್ನು ಎಲ್ಲರೂ ಕಂಡಿದ್ದಾರೆ. ನೀರು ಒಳಗೆ ಹರಿಯುತ್ತಿದೆಯೆಂಬುದಕ್ಕೆ ಅದೇ ಪ್ರಮಾಣ. ಅದು ಕ್ಷೀಣಿಸಿದರೆ ಎಂಜಿನ್ನು ಮಿತಿಮೀರಿ ಕಾಯುತ್ತಿದೆಯೆಂದೇ ತಿಳಿಯಬೇಕು. ಆಗ ಇಂಧನದ ಭಾಗಗಳನ್ನು ಬದಲಿಸುವುದು, ಜ್ವರದ ಮೂಲವನ್ನು ಬಿಟ್ಟು ಬೆವರನ್ನು ಒರೆಸಿದಂತೆ. ರಾಡಿನೀರಿನಲ್ಲಿ ದುಡಿದ ಮೋಟಾರಿಗೆ ಅಂದಿನ ಸಂಜೆಯೇ ತಿಳಿನೀರನ್ನು ಹಾಯಿಸಿ ತೊಳೆಯುವುದು ಅಗ್ಗದ ಉಪಾಯ.

ಡೀಸೆಲ್ ಎಂಜಿನ್ನಿನ ದೋಣಿಗಳಲ್ಲಿ ಲಕ್ಷಣ ಒಂದೇ, ಕಾರಣ ಬೇರೆ. ಡೀಸೆಲ್ ಸುಲಭವಾಗಿ ಆವಿಯಾಗದು. ಆದರೆ ಕಾದರೆ ತೆಳುವಾಗುತ್ತದೆ. ಪಂಪಿನ ಒಳಗಿನ ಕೊಂತವು ಸವೆದಿದ್ದರೆ ತೆಳುವಾದ ಇಂಧನವು ಸಂದಿನಿಂದ ಜಾರಿ, ಸ್ಟಾರ್ಟರಿನ ಮಂದಗತಿಯಲ್ಲಿ ಇಂಜೆಕ್ಟರನ್ನು ತೆರೆಯುವಷ್ಟು ಒತ್ತಡ ಏಳುವುದೇ ಇಲ್ಲ. ಪಂಪಿಗೆ ಹಸಿ ಬಟ್ಟೆ ಸುತ್ತಿದಾಗ ಎಂಜಿನ್ನು ಹತ್ತಿದರೆ ಆ ಪಂಪಿನ ಆಯುಸ್ಸು ಮುಗಿಯುತ್ತ ಬಂದಿದೆಯೆಂದು ತಿಳಿದು, ಮುಂದಿನ ಮಳೆಗಾಲದೊಳಗೆ ದುರಸ್ತಿ ಮಾಡಿಸಬೇಕು.

ಪರೀಕ್ಷೆ ನಡೆಸುವಾಗ ಬೆಂಕಿಯ ಭಯವನ್ನು ಕ್ಷಣವೂ ಮರೆಯುವಂತಿಲ್ಲ. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದರಿಂದ ದೋಣಿಯ ತಳದಲ್ಲಿ ಕೂಡುತ್ತದೆ. ಬಂಡಿಯಲ್ಲಾದರೆ ಅದು ನೆಲಕ್ಕಿಳಿದು ಚದುರಿಹೋಗುತ್ತಿತ್ತು. ಒಳಗಟ್ಟಿನ ಎಂಜಿನ್ನಾದರೆ ಮುಚ್ಚಳ ತೆರೆದು ಮೂಸಿ ನೋಡಿ, ಗಾಳಿಯೂದುವ ಪಂಖವನ್ನು ಕನಿಷ್ಠ 4 ನಿಮಿಷ ಓಡಿಸಿದ ಮೇಲೆಯೇ ಕೀಲಿಯನ್ನು ಮುಟ್ಟಬೇಕು. ಮುಚ್ಚಳ ತೆರೆಯುವುದರಿಂದ ನಿಂತ ಶಾಖವೂ ಹೊರಹೋಗುವುದು ಎರಡನೆಯ ಲಾಭ. ನಳಿಗೆ ಬಿಚ್ಚುವ ಮುನ್ನ ಒತ್ತಡವನ್ನು ಇಳಿಸದಿದ್ದರೆ ಪೆಟ್ರೋಲು ಮುಖಕ್ಕೆ ಚಿಮ್ಮುತ್ತದೆ.

ದೋಷ ಸಿಕ್ಕುವವರೆಗೆ ಅಂಥ ದೋಣಿಯನ್ನು ನಡೆಸಲೇಬೇಕಾದ ಪ್ರಸಂಗ ಬಂದರೆ, ದಡಕ್ಕೆ ಬರುವ ಮುನ್ನ ಕೆಲವು ನಿಮಿಷ ಮಂದವಾಗಿ ಓಡಿಸಿ ಒಡಲ ಕಾವನ್ನು ಇಳಿಸಿದ ಮೇಲೆ ನಿಲ್ಲಿಸಬೇಕು. ಲಂಗರನ್ನು ಹಗ್ಗದೊಡನೆ ಕೈಗೆಟಕುವಂತೆ ಇಟ್ಟಿರಬೇಕು. ಎರಡು ಹುಟ್ಟುಗಳು ದೋಣಿಯಲ್ಲಿರಬೇಕು. ಹತ್ತಿದವರೆಲ್ಲರೂ ತೇಲುಕವಚ ತೊಟ್ಟಿರಬೇಕು. ದುರಸ್ತಿಯಾದ ಎಂಜಿನ್ನನ್ನು ಬೆಳಗಿನ ತಂಪಿನಲ್ಲಿ ಚಾಲೂ ಮಾಡಿ ತೋರಿಸಿದರೆ ಒಪ್ಪಿಕೊಳ್ಳಬಾರದು. ಒಂದು ತಾಸು ಓಡಿಸಿ, ನಡುಮಧ್ಯಾಹ್ನದ ಬಿಸಿಲಿನಲ್ಲಿ ಕಾಲುಗಂಟೆ ನಿಲ್ಲಿಸಿ, ಮುಚ್ಚಳ ತೆರೆಯದೆ ಮೂರು ಬಾರಿ ಚಾಲೂ ಮಾಡಿಸಿ ನೋಡಿದ ಬಳಿಕವೇ ಕೂಲಿಯ ಹಣವನ್ನು ಎಣಿಸಬೇಕು.